ತೀರ್ಮಾನಿಸಿದ್ದು ಯಾರು, ಸರ್?

ವಿಜಯನಗರದ ಒಂದು ತರಬೇತಿ ಕೇಂದ್ರದಲ್ಲಿ ಹನ್ನೊಂದು ವರ್ಷಗಳಿಂದ ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಮಾಡುತ್ತಿದ್ದೇನೆ. ಕನ್ನಡದಲ್ಲಿ ಯುಪಿಎಸ್‌ಸಿ ಬರೆಯುವವರ ಭಾನುವಾರದ ತರಗತಿ ನನ್ನದು. ಕೋಣೆ ಮೂರನೆಯ ಮಹಡಿಯಲ್ಲಿ, ಕೆಳಗೆ ದರ್ಶಿನಿ, ಅದರ ಪಕ್ಕಕ್ಕೆ ಝೆರಾಕ್ಸ್ ಅಂಗಡಿ. ವಡೆ ಕರಿಯುವ ವಾಸನೆ ಕಿಟಕಿಯಿಂದ ಒಳಗೆ ಬಂತೆಂದರೆ ಯಾವ ಒಪ್ಪಂದವೂ ಯಾರ ತಲೆಗೂ ಹತ್ತುವುದಿಲ್ಲ. ನನ್ನ ತಲೆಗೂ.

ಮೊದಲ ವರ್ಷ ಐರೋಪ್ಯ ಒಕ್ಕೂಟದ ಪಾಠಕ್ಕೆ ಹಲಗೆಯ ಮೇಲೆ ‘ಒಕ್ಕೂಟದ ನೆರೆ ನೀತಿ’ ಎಂದು ಬರೆದಿದ್ದೆ. ಹಿಂದಿನ ಬೆಂಚಿನಲ್ಲಿದ್ದ ಬೆಳಗಾವಿ ಕಡೆಯ ಹುಡುಗ, ‘ಅಲ್ಲಿಯೂ ಪ್ರತಿ ವರ್ಷ ನೆರೆ ಬರುತ್ತದೆಯೇ ಸರ್?’ ಎಂದು ಕೇಳಿದ. ಕೃಷ್ಣೆಯ ಪ್ರವಾಹ ನೋಡಿ ಬೆಳೆದವನಿಗೆ ನೆರೆ ಎಂದರೆ ನೀರೇ. ಅಂದೇ ‘ನೆರೆಹೊರೆ ನೀತಿ’ ಎಂದು ತಿದ್ದಿಕೊಂಡೆ. ಅದು ಸಣ್ಣ ತಪ್ಪು. ದೊಡ್ಡದು ಇನ್ನೂ ನಾಲ್ಕು ವರ್ಷ ನನ್ನ ಟಿಪ್ಪಣಿಯಲ್ಲೇ ಕುಳಿತಿತ್ತು.

ಅದನ್ನು ಹೊರಗೆಳೆದವಳು ಮಾಗಡಿ ಕಡೆಯ ಗ್ರಾಮ ಪಂಚಾಯಿತಿಯೊಂದರಲ್ಲಿ ಡಾಟಾ ಎಂಟ್ರಿ ಕೆಲಸ ಮಾಡುತ್ತಿದ್ದ ಹುಡುಗಿ. ನಾನು ಟಿಪ್ಪಣಿ ಓದಿಸುತ್ತಿದ್ದೆ: ‘2004ರಲ್ಲಿ ನೆರೆಹೊರೆ ನೀತಿಯನ್ನು ಜಾರಿಗೆ ತರಲಾಯಿತು. 2009ರಲ್ಲಿ ಪೂರ್ವದ ಆರು ನೆರೆಯ ದೇಶಗಳೊಂದಿಗೆ ಪೂರ್ವ ಸಹಭಾಗಿತ್ವವನ್ನು ಆರಂಭಿಸಲಾಯಿತು. 2014ರಲ್ಲಿ ಉಕ್ರೇನ್, ಜಾರ್ಜಿಯಾ, ಮಾಲ್ಡೋವಾಗಳೊಂದಿಗೆ ಒಪ್ಪಂದಕ್ಕೆ ಸಹಿ ಹಾಕಲಾಯಿತು.’ ಅವಳು ಕೈ ಎತ್ತಿದಳು.

‘ತೀರ್ಮಾನಿಸಿದ್ದು ಯಾರು, ಸರ್? ನಮ್ಮ ನಡಾವಳಿ ಪುಸ್ತಕದಲ್ಲಿ ಪ್ರತಿ ಠರಾವಿಗೂ ಸೂಚಕರು, ಅನುಮೋದಕರು ಎಂದು ಹೆಸರು ಬರೆಯುತ್ತೇವೆ. ಬರೆಯದಿದ್ದರೆ ಪಿಡಿಒ ಬೈಯುತ್ತಾರೆ.’

‘ಒಕ್ಕೂಟ’ ಎಂದೆ. ಅವಳು ಸುಮ್ಮನಾದಳು, ಆದರೆ ಒಪ್ಪಿದ ಮುಖವಲ್ಲ ಅದು.

ಮುಂದಿನ ವಾರದ ಕಿರುಪರೀಕ್ಷೆಯ ಉತ್ತರಗಳನ್ನು ತಿದ್ದುವಾಗ ಸಂಕಟವಾಯಿತು. ಮುಕ್ಕಾಲು ಪಾಲು ಮಂದಿ, ‘ನೆರೆಯ ದೇಶಗಳಿಗೆ ಸದಸ್ಯತ್ವ ನೀಡಲು ಈ ನೀತಿಯನ್ನು ರೂಪಿಸಲಾಯಿತು’ ಎಂದು ಬರೆದಿದ್ದರು. ನಿಜ ಇದಕ್ಕೆ ತಿರುಗುಮುರುಗು. 2004ರ ಮೇ 1ರಂದು ಹತ್ತು ದೇಶಗಳು ಒಂದೇ ಸಲ ಒಕ್ಕೂಟ ಸೇರಿದವು. ಗಡಿ ಪೂರ್ವಕ್ಕೆ ಸರಿಯಿತು. ಹೊಸ ಗಡಿಯ ಆಚೆಗಿದ್ದವರಿಗೆ ಸದಸ್ಯತ್ವದ ಮಾತು ಕೊಡದೆ ಅವರನ್ನು ಹತ್ತಿರ ಇಟ್ಟುಕೊಳ್ಳುವುದು ಹೇಗೆ ಎಂಬ ಚಿಂತೆಯಿಂದ ಹುಟ್ಟಿದ ನೀತಿ ಇದು. ಒಕ್ಕೂಟದ ಆಡಳಿತ ನಡೆಸುವ ಐರೋಪ್ಯ ಆಯೋಗದ ಅಧ್ಯಕ್ಷರಾಗಿದ್ದ ರೊಮಾನೊ ಪ್ರೋಡಿ 2002ರಲ್ಲೇ ಸೂತ್ರ ಹೇಳಿದ್ದರು: ಸಂಸ್ಥೆಗಳನ್ನು ಬಿಟ್ಟು ಉಳಿದೆಲ್ಲವನ್ನೂ ಹಂಚಿಕೊಳ್ಳೋಣ. ಮದುವೆಗೆ ಕರೆದು ಹೊಟ್ಟೆ ತುಂಬ ಊಟ ಹಾಕಿ, ಆಸ್ತಿಯ ಮಾತು ಬಂದಾಗ ಜಗಲಿಯಲ್ಲಿ ಕೂರಿಸಿದ ಹಾಗೆ. ದಕ್ಷಿಣದಲ್ಲಿ ಮೊರಾಕ್ಕೊದಿಂದ ಸಿರಿಯಾದವರೆಗೆ ಹತ್ತು, ಪೂರ್ವದಲ್ಲಿ ಬೆಲರೂಸ್‌ನಿಂದ ಅಜರ್‌ಬೈಜಾನ್‌ವರೆಗೆ ಆರು, ಒಟ್ಟು ಹದಿನಾರು ಮಂದಿ ಈ ಜಗಲಿಯವರು. ರಷ್ಯಾ ಮಾತ್ರ ಆ ಸಾಲಿನಲ್ಲಿ ಕೂರಲು ಒಪ್ಪಲಿಲ್ಲ. ತನಗೆ ಬೇರೆ ವ್ಯವಸ್ಥೆ ಬೇಕೆಂದಿತು.

ವಿದ್ಯಾರ್ಥಿಗಳದು ತಪ್ಪಲ್ಲ. ‘ರೂಪಿಸಲಾಯಿತು’ ಎಂದು ನಾನೇ ಬರೆಸಿದ್ದೆ. ಯಾರು, ಯಾವ ಭಯಕ್ಕೆ ರೂಪಿಸಿದರು ಎಂದು ಹೇಳಿರಲಿಲ್ಲ. ‘ಲಾಯಿತು’ ಎಂಬುದು ಸರ್ಕಾರಿ ಸುತ್ತೋಲೆಯಿಂದ ನಮಗೆ ಅಂಟಿದ ಚಾಳಿ. ಕೆಲಸ ಆಗಿರುತ್ತದೆ, ಮಾಡಿದವರು ಕಾಣಿಸುವುದಿಲ್ಲ.

ಆ ಬೇಸಿಗೆಯಲ್ಲಿ ಟಿಪ್ಪಣಿಯನ್ನು ಹೊಸದಾಗಿ ಬರೆಯಲು ಕುಳಿತೆ. ನಿಯಮ ಒಂದೇ: ಪ್ರತಿ ವಾಕ್ಯದಲ್ಲೂ ಸೂಚಕರು ಯಾರು, ತಡೆದವರು ಯಾರು ಎಂದು ಇರಬೇಕು. ಹಾಗೆ ಬರೆಯತೊಡಗಿದ ಮೇಲೆ ಒಕ್ಕೂಟ ಒಂದು ಮನೆಯಾಗಿ ಉಳಿಯಲಿಲ್ಲ. ವ್ಯಾಪಾರದ ಮಾತುಕತೆಯಲ್ಲಿ ಎಲ್ಲರ ಪರವಾಗಿ ಕೂರುವುದು ಆಯೋಗ. ಆದರೆ ವಿದೇಶಾಂಗ ನೀತಿ, ನಿರ್ಬಂಧ, ಹೊಸ ಸದಸ್ಯರ ಸೇರ್ಪಡೆ ಎಂದು ಬಂದರೆ ಸರ್ವಾನುಮತ ಬೇಕು. ಒಂದು ಬಾಗಿಲು, 27 ಸದಸ್ಯ ದೇಶ, 27 ಚಿಲಕ. 2014ರಲ್ಲಿ ಉಕ್ರೇನ್ ಜೊತೆ ಮಾಡಿಕೊಂಡಂಥ ಸಹಯೋಗ ಒಪ್ಪಂದವಾದರೆ ಒಂದೊಂದು ದೇಶವೂ ತನ್ನ ಸಂಸತ್ತಿನಲ್ಲಿ ಅನುಮೋದಿಸಬೇಕು. 2016ರ ಏಪ್ರಿಲ್‌ನಲ್ಲಿ ನೆದರ್ಲೆಂಡ್ಸ್ ಜನಮತ ಕೇಳಿದಾಗ ಮತ ಹಾಕಿದ್ದೇ ಶೇ 32ರಷ್ಟು ಮಂದಿ, ಅವರಲ್ಲಿ ಶೇ 61ರಷ್ಟು ಜನ ಉಕ್ರೇನ್ ಒಪ್ಪಂದ ಬೇಡವೆಂದರು. ಅವರನ್ನು ಸಮಾಧಾನಪಡಿಸಿ ಒಪ್ಪಂದ ಪೂರ್ತಿ ಜಾರಿಯಾಗುವಾಗ 2017ರ ಸೆಪ್ಟೆಂಬರ್ ಬಂದಿತ್ತು.

ಈ ಚಿಲಕದ ಕಥೆಗೆ ಮ್ಯಾಸಿಡೋನಿಯಾಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಅದು ನೆರೆಹೊರೆ ನೀತಿಯ ಪಟ್ಟಿಯದಲ್ಲ, ಸದಸ್ಯತ್ವದ ಸಾಲಿನದು. ಆದ್ದರಿಂದಲೇ ಎರಡರ ವ್ಯತ್ಯಾಸ ಹೇಳಲು ಅನುಕೂಲ. 2005ರಲ್ಲಿ ಅಭ್ಯರ್ಥಿ ಸ್ಥಾನ ಸಿಕ್ಕಿತು. ಮಾತುಕತೆ ಆರಂಭಿಸಬಹುದೆಂದು 2009ರಲ್ಲಿ ಆಯೋಗವೂ ಹೇಳಿತು. ಗ್ರೀಸ್ ಬಿಡಲಿಲ್ಲ: ಆ ಹೆಸರು ನಮ್ಮ ಪ್ರಾಂತ್ಯದ್ದು, ಬದಲಿಸಿ ಎಂದಿತು. 2018ರ ಜೂನ್‌ನಲ್ಲಿ ಪ್ರೆಸ್ಪಾ ಸರೋವರದ ದಡದಲ್ಲಿ ಇಬ್ಬರೂ ಒಪ್ಪಂದಕ್ಕೆ ಸಹಿ ಹಾಕಿದರು. 2019ರ ಫೆಬ್ರವರಿಯಲ್ಲಿ ಆ ದೇಶ ‘ಉತ್ತರ ಮ್ಯಾಸಿಡೋನಿಯಾ’ ಆಯಿತು. ದೇಶದ ಹೆಸರನ್ನೇ ಬದಲಿಸಿಕೊಂಡು ಬಾಗಿಲಿಗೆ ಬಂದರೆ, ಅದೇ ಅಕ್ಟೋಬರ್‌ನಲ್ಲಿ ಫ್ರಾನ್ಸ್ ಚಿಲಕ ಹಾಕಿತು; ಸೇರ್ಪಡೆಯ ವಿಧಾನವೇ ಬದಲಾಗಬೇಕು ಎಂಬುದು ಅದರ ವಾದ. ಅದು ಇಳಿಯಿತು ಎನ್ನುವಾಗ 2020ರ ನವೆಂಬರ್‌ನಲ್ಲಿ ಬಲ್ಗೇರಿಯಾ ಎದ್ದು ನಿಂತಿತು. ಈ ಬಾರಿ ಭಾಷೆ ಮತ್ತು ಇತಿಹಾಸದ ಜಗಳ. 2022ರ ಜುಲೈನಲ್ಲಿ ಸದಸ್ಯತ್ವ ಮಾತುಕತೆಯ ಮೊದಲ ಸಭೆ ನಡೆಯಿತು, ಆದರೆ ಮುಂದಕ್ಕೆ ಹೋಗಬೇಕಾದರೆ ಉತ್ತರ ಮ್ಯಾಸಿಡೋನಿಯಾ ತನ್ನ ಸಂವಿಧಾನದಲ್ಲಿ ಬಲ್ಗೇರಿಯನ್ನರ ಹೆಸರು ಸೇರಿಸಬೇಕು ಎಂಬ ಷರತ್ತಿನೊಂದಿಗೆ.

ಇದನ್ನು ಹೇಳಿದ ದಿನ ತರಗತಿಯಲ್ಲಿ ಯಾರೂ ವಡೆಯ ಕಡೆ ಮೂಗು ತಿರುಗಿಸಲಿಲ್ಲ. ಹಾಸನದ ಹುಡುಗನೊಬ್ಬ, ‘ಖಾತೆ ಬದಲಾವಣೆಗೆ ಅಲೆದ ಹಾಗೆ ಸರ್, ಒಂದು ದಾಖಲೆ ಕೊಟ್ಟರೆ ಇನ್ನೊಂದು ಕೇಳುತ್ತಾರೆ’ ಎಂದ. ನಾನು ಅದಕ್ಕಿಂತ ಚೆನ್ನಾಗಿ ಹೇಳಿರಲಿಲ್ಲ.

ಸೂಚಕರ ಹೆಸರು ಬರೆಯುವ ನಿಯಮ ಆಮೇಲೂ ಕೈ ಹಿಡಿಯಿತು. 2023ರ ಜುಲೈನಲ್ಲಿ ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೇಯೆನ್ ಅವರು ಇಟಲಿ ಮತ್ತು ನೆದರ್ಲೆಂಡ್ಸ್ ಪ್ರಧಾನಿಗಳ ಜೊತೆ ಟ್ಯುನೀಷಿಯಾಕ್ಕೆ ಹೋಗಿ, ವಲಸೆ ತಡೆಗೆ 10.5 ಕೋಟಿ ಯುರೋ ಸೇರಿದ ಒಪ್ಪಂದ ಮಾಡಿಕೊಂಡರು. ಪತ್ರಿಕೆಗಳಲ್ಲಿ ‘ಒಕ್ಕೂಟದ ಒಪ್ಪಂದ’ ಎಂದೇ ಬಂತು. ಆದರೆ ತಮ್ಮನ್ನು ಸರಿಯಾಗಿ ಕೇಳಲಿಲ್ಲವೆಂದು ಕೆಲವು ಸದಸ್ಯ ದೇಶಗಳು ಮುನಿದುಕೊಂಡವು. ವಿದೇಶಾಂಗದ ಹೊಣೆ ಹೊತ್ತಿದ್ದ ಜೋಸೆಪ್ ಬೊರೆಲ್ ಅದನ್ನೇ ಪತ್ರದಲ್ಲಿ ಎತ್ತಿದರು. ಹಳೆಯ ಟಿಪ್ಪಣಿಯಲ್ಲಾದರೆ ಇದು ‘ಸಹಿ ಹಾಕಲಾಯಿತು’ ಎಂಬಲ್ಲಿಗೆ ಮುಗಿಯುತ್ತಿತ್ತು.

ಅದೇ ವರ್ಷದ ಡಿಸೆಂಬರ್ 14ರದು ಇನ್ನೂ ಸೊಗಸು. ಅಷ್ಟರಲ್ಲಿ ಜಗಲಿಯಿಂದ ಸದಸ್ಯತ್ವದ ಸಾಲಿಗೆ ಬಂದಿದ್ದ ಉಕ್ರೇನ್ ಜೊತೆ ಮಾತುಕತೆ ಆರಂಭಿಸಲು ಬ್ರಸೆಲ್ಸ್‌ನಲ್ಲಿ ಸಭೆ. ಹಂಗೆರಿಯ ಅಂದಿನ ಪ್ರಧಾನಿ ವಿಕ್ಟರ್ ಒರ್ಬಾನ್ ಒಪ್ಪುವವರಲ್ಲ. ಸ್ವಲ್ಪ ಹೊತ್ತು ಹೊರಗೆ ಹೋಗಬಹುದಲ್ಲ ಎಂದು ಜರ್ಮನಿಯ ಚಾನ್ಸಲರ್ ಓಲಾಫ್ ಶೋಲ್ಜ್ ಸೂಚಿಸಿದರು. ಒರ್ಬಾನ್ ಎದ್ದು ಹೋದರು. ಉಳಿದ 26 ಮಂದಿ ತೀರ್ಮಾನಿಸಿದರು. ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಸರ್ವಾನುಮತ. ಒಳಗೆ ಮರಳಿದ ಮೇಲೆ ಅದೇ ರಾತ್ರಿ ಅವರು ಉಕ್ರೇನಿನ 5,000 ಕೋಟಿ ಯುರೋ ನೆರವಿಗೆ ಅಡ್ಡ ಹಾಕಿದರು. ಆ ಅಡ್ಡಿ ಬಿಟ್ಟುಕೊಂಡಿದ್ದು 2024ರ ಫೆಬ್ರವರಿ 1ರಂದು.

ಪಂಚಾಯಿತಿಯ ಆ ಹುಡುಗಿ ಅಷ್ಟರಲ್ಲಿ ಕೆಪಿಎಸ್‌ಸಿಯ ಯಾವುದೋ ಹುದ್ದೆಗೆ ಸೇರಿ ಹೋಗಿದ್ದಳು. ಅವಳಿಗೆ ಸುದ್ದಿ ಕಳುಹಿಸಿದೆ. ‘ನಮ್ಮಲ್ಲಿ ಟೀ ಕುಡಿಯಲು ಹೋಗುತ್ತಾರೆ ಸರ್. ನಡಾವಳಿಯಲ್ಲಿ ಸರ್ವಾನುಮತ ಎಂದೇ ಬರೆಯುತ್ತೇವೆ’ ಎಂದು ಉತ್ತರ ಬಂತು.

ಹೋದ ತಿಂಗಳು ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ನನ್ನ ಹಳೆಯ ಟಿಪ್ಪಣಿ ಸ್ಪೈರಲ್ ಹಾಕಿಸಿಕೊಂಡು ಮಾರಾಟಕ್ಕೆ ಕುಳಿತಿತ್ತು. ತೆರೆದರೆ ಪುಟದ ತುಂಬ ‘ಲಾಯಿತು’. ಇದನ್ನು ತೆಗೆದುಬಿಡಪ್ಪ, ಹೊಸದು ಕೊಡುತ್ತೇನೆ ಎಂದೆ.

‘ಇದೇ ಹೆಚ್ಚು ಹೋಗುವುದು ಸರ್. ನಿಮ್ಮ ಹೊಸದರಲ್ಲಿ ನಲವತ್ತು ಪುಟ ಜಾಸ್ತಿ’ ಎಂದ ಅಂಗಡಿಯ ಹುಡುಗ.