ಯಾವ ಗಿಟಾರ್ ಯಾರದು?

ಮೂರು ರಾತ್ರಿಗಳಿಂದ ಮಲಗುವ ಮುನ್ನ ಫ್ರಾನ್ಸಿನ ಇದಾ ಪ್ರೆಸ್ತಿ ಮತ್ತು ಅಲೆಕ್ಸಾಂದ್ರ್ ಲಗೋಯಾ ದಂಪತಿಯ ಹಳೆಯ ಧ್ವನಿಮುದ್ರಣಗಳನ್ನು ಕೇಳುತ್ತಿದ್ದೇನೆ. ಇಬ್ಬರ ಕೈಯಲ್ಲೂ ಗಿಟಾರ್. ಎಷ್ಟು ಕಿವಿಗೊಟ್ಟು ಕುಳಿತರೂ ಯಾವ ಸ್ವರ ಯಾರದು ಎಂದು ಹೇಳಲು ನನಗೆ ಇನ್ನೂ ಆಗಿಲ್ಲ.

ಪಿಟೀಲಿನಲ್ಲಾದರೆ ಕಮಾನು ಎಳೆದಷ್ಟು ಹೊತ್ತೂ ನಾದ ನಿಲ್ಲುತ್ತದೆ. ಒಬ್ಬರು ಕೂದಲೆಳೆಯಷ್ಟು ತಡವಾದರೂ ಹೇಗೋ ಬೆರೆತುಹೋಗಬಹುದು. ಗಿಟಾರಿನಲ್ಲಿ ತಂತಿ ಮೀಟಿದ ಕ್ಷಣದಿಂದಲೇ ನಾದ ಕರಗತೊಡಗುತ್ತದೆ. ಇಬ್ಬರ ಉಗುರೂ ಒಂದೇ ಗಳಿಗೆಗೆ ತಾಗದಿದ್ದರೆ 'ಟಿಣ್' ಎನ್ನಬೇಕಾದದ್ದು 'ಟಿಟಿಣ್' ಆಗಿಬಿಡುತ್ತದೆ. ಇವರಿಬ್ಬರಲ್ಲಿ ಆ ಬಿರುಕು ನನಗೆ ಎಲ್ಲೂ ಕೇಳಿಸಿಲ್ಲ. ಇಬ್ಬರೂ ಉಗುರಿನ ಬಲ ಅಂಚಿನಿಂದಲೇ ಮೀಟುತ್ತಿದ್ದರಂತೆ.

ಇಟಲಿ ಮೂಲದ ಸಂಗೀತ ರಚನಕಾರ ಕ್ಯಾಸ್ಟೆಲ್‌ನುವೋವೊ-ತೆದೆಸ್ಕೊ 1962ರಲ್ಲಿ ಈ ಜೋಡಿಗೆಂದೇ 24 ಪ್ರೆಲ್ಯೂಡ್ ಮತ್ತು ಫ್ಯೂಗ್‌ಗಳನ್ನು ಬರೆದರು. ಪ್ರೆಲ್ಯೂಡ್ ಎಂದರೆ ಪೀಠಿಕೆಯಂಥ ಚಿಕ್ಕ ರಚನೆ. ಫ್ಯೂಗ್ ಎಂದರೆ ಒಬ್ಬರ ಮಾತನ್ನು ಇನ್ನೊಬ್ಬರು ಎತ್ತಿಕೊಂಡು ಮುಂದುವರಿಸಿದ ಹಾಗೆ. ಗಂಡ ಹೆಂಡತಿಗೆ ಎಷ್ಟು ಒಪ್ಪುತ್ತದೆ!

ಕೇಳುತ್ತಾ ಅಪ್ಪ ಅಮ್ಮ ಒಗೆದ ಹೊದಿಕೆ ಮಡಚುವುದು ಕಣ್ಣಮುಂದೆ ಬಂತು. ಆಚೆ ಈಚೆ ತುದಿ ಹಿಡಿದು, ಒಮ್ಮೆ ಜಾಡಿಸಿ, ಒಬ್ಬರತ್ತ ಒಬ್ಬರು ನಡೆದು ಬರುತ್ತಾರೆ. ನಡುವೆ ಒಂದು ಮಾತೂ ಇರುವುದಿಲ್ಲ.

1967ರ ಏಪ್ರಿಲ್‌ನಲ್ಲಿ, ಅಮೆರಿಕ ಪ್ರವಾಸದ ನಡುವೆ, ರೋಚೆಸ್ಟರ್‌ನಲ್ಲಿ ಪ್ರೆಸ್ತಿ ತೀರಿಕೊಂಡರು. ವಯಸ್ಸು ಕೇವಲ 42. ಆಮೇಲೆ ಲಗೋಯಾ ಕೆಲವು ವರ್ಷ ವೇದಿಕೆ ಹತ್ತಲಿಲ್ಲ. ಅದನ್ನು ಓದಿದ ಮೇಲೆ ನಿದ್ದೆ ಬರಲಿಲ್ಲ. ಎದ್ದು, ಅವರಿಬ್ಬರು ನುಡಿಸಿದ ಬಾಖ್ ರಚನೆಗಳನ್ನು ಮತ್ತೆ ಮೊದಲಿನಿಂದ ಹಾಕಿಕೊಂಡೆ.