ಅಡಿಕೆ ತೋಟದವರು ಜನಗಣತಿಯಲ್ಲಿ ರೈತರು ಹೌದೋ ಅಲ್ಲವೋ?

2011ರ ಜನಗಣತಿಗೆ ತೀರ್ಥಹಳ್ಳಿ ಕಡೆ ಮನೆ ಮನೆ ತಿರುಗಿದ ಶಾಲಾ ಟೀಚರ್ ನಾನು. 2027ರ ಗಣತಿ ಬರುತ್ತದೆ ಅಂತ ಸುದ್ದಿಯಾದ ಮೇಲೆ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಸೊಸೈಟಿ ಎದುರು, ಎಲ್ಲಿ ಸಿಕ್ಕರೂ ಜನ ಇದನ್ನೇ ಕೇಳುತ್ತಾರೆ: "ಟೀಚರೇ, ಅಡಿಕೆ ಬೆಳೆಯೋರನ್ನ ಗಣತಿಯಲ್ಲಿ ರೈತರು ಅಂತ ಬರೆಯೋದಿಲ್ವಂತೆ, ಹೌದಾ?"

ಹೌದು, 2011ರಲ್ಲಿ ಬರೆಯಲಿಲ್ಲ. ದುಡಿಯುವ ಎಲ್ಲರನ್ನೂ ಆಗ ನಾಲ್ಕು ಗುಂಪಿಗೆ ಹಾಕುತ್ತಿದ್ದೆವು. ಸ್ವಂತಕ್ಕೆ ಬೇಸಾಯ ಮಾಡುವವರು, ಬೇರೆಯವರ ಜಮೀನಿನಲ್ಲಿ ಕೂಲಿ ಮಾಡುವವರು, ಮನೆ ಕೈಗಾರಿಕೆಯವರು, ಇತರೆ. ಬೇಸಾಯ ಅಂದರೆ ಯಾವುದೆಲ್ಲ ಅಂತ ನಮಗೆ ಕೊಟ್ಟ ನಿಯಮದಲ್ಲಿ ಉದ್ದ ಪಟ್ಟಿಯೇ ಇತ್ತು. ಭತ್ತ, ರಾಗಿ, ಜೋಳ, ಕಬ್ಬು, ಹೊಗೆಸೊಪ್ಪು, ಬೇಳೆಕಾಳು, ಹತ್ತಿ, ತರಕಾರಿ, ಹಣ್ಣು ಎಲ್ಲ ಅದರಲ್ಲಿ ಬರುತ್ತಿತ್ತು. ಐದು ಬೆಳೆಗಳನ್ನು ಮಾತ್ರ ಹೆಸರು ಹೇಳಿ ಹೊರಗಿಟ್ಟಿದ್ದರು: ಟೀ, ಕಾಫಿ, ರಬ್ಬರ್, ತೆಂಗು, ಅಡಿಕೆ. ಈ ತೋಟಗಳ ಯಜಮಾನರೂ 'ಇತರೆ', ಅಲ್ಲಿ ಕೂಲಿ ಮಾಡುವವರೂ 'ಇತರೆ'. ಸರ್ಕಾರಿ ನೌಕರರು, ಟೀಚರುಗಳು, ಬ್ಯಾಂಕಿನವರು, ಅರ್ಚಕರು, ಕಲಾವಿದರು ಇರುವ ಗುಂಪು ಅದೇ.

ತೋಟವನ್ನು ಬೇರೆ ಇಡುವ ಈ ಲೆಕ್ಕ ಹಳೆಯದು. 1961ರ ಗಣತಿಯಲ್ಲಿ ಒಂಬತ್ತು ಗುಂಪು ಇದ್ದವು. ಅದರಲ್ಲಿ ತೋಟದ ಬೆಳೆಯನ್ನು ಗಣಿ, ಪಶುಪಾಲನೆ, ಕಾಡಿನ ಕೆಲಸ, ಮೀನುಗಾರಿಕೆಯ ಜೊತೆ ಸೇರಿಸಿದ್ದರು. ನೂರಾರು ಆಳು ದುಡಿಯುವ ಟೀ, ಕಾಫಿ ಎಸ್ಟೇಟಿಗೆ ಅದು ಸರಿಹೋಗಬಹುದು. ಮನೆ ಹಿಂದಿನ ಒಂದೆರಡು ಎಕರೆ ತೋಟಕ್ಕೆ ತಾವೇ ಸೊಪ್ಪು ಹೊತ್ತು, ತಾವೇ ಮದ್ದು ಹೊಡೆಸಿ, ತಾವೇ ಸುಲಿದು ಒಣಗಿಸುವ ನಮ್ಮ ಕಡೆಯವರಿಗೆ ಅದೇ ಅಳತೆ ಹಿಡಿದದ್ದು ತಪ್ಪು ಅನ್ನುವುದು ನನ್ನ ಅಭಿಪ್ರಾಯ.

ಇಷ್ಟು ಕೇಳಿದ ಕೂಡಲೇ ಜನ ಹೆದರುತ್ತಾರೆ. ಹಾಗಾದರೆ ಸಾಲ ಸಿಗುತ್ತೋ ಇಲ್ಲವೋ, ಪಿಎಂ ಕಿಸಾನ್ ದುಡ್ಡು ನಿಂತುಹೋಗುತ್ತೋ ಅಂತ. ಆ ಭಯ ಬೇಡ. ಅದಕ್ಕೆಲ್ಲ ನೋಡುವುದು ಪಹಣಿ, ಗಣತಿಯ ಹಾಳೆಯಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಕಲಮಿನ ಪ್ರಕಾರ ನಿಮ್ಮ ಮನೆಯ ಹಾಳೆಯನ್ನು ಯಾರೂ ತೆಗೆಸಿ ನೋಡುವ ಹಾಗಿಲ್ಲ. ಜಮೀನಿನ ವ್ಯಾಜ್ಯದಲ್ಲಿ ಅದನ್ನು ಸಾಕ್ಷಿಯಾಗಿ ತರುವ ಹಾಗೂ ಇಲ್ಲ.

ತೊಂದರೆ ಇರುವುದು ಒಟ್ಟು ಲೆಕ್ಕದಲ್ಲಿ. ನಮ್ಮ ಜಿಲ್ಲೆಯಲ್ಲಿ ಎಷ್ಟು ಗದ್ದೆ ತೋಟವಾಯಿತು, ನಿಮಗೇ ಗೊತ್ತು. ನಾಟಿಗೆ ಆಳು ಸಿಗುವುದಿಲ್ಲ, ಭತ್ತಕ್ಕೆ ಬೆಲೆ ಇಲ್ಲ ಅಂತ ಒಬ್ಬರು ಗದ್ದೆಯಲ್ಲಿ ಅಡಿಕೆ ಸಸಿ ಇಡುತ್ತಾರೆ. ಮನೆ ಅದೇ, ಮಣ್ಣು ಅದೇ, ಬೆಳಗಾದರೆ ಹೋಗುವ ಜಾಗವೂ ಅದೇ. ಆದರೆ ಅದೇ ನಿಯಮ ಉಳಿದರೆ ಮುಂದಿನ ಗಣತಿಯಲ್ಲಿ ಅವರು ಬೇಸಾಯಗಾರರ ಸಾಲಿನಿಂದ ಇತರೆಯವರ ಸಾಲಿಗೆ ಹೋಗಿರುತ್ತಾರೆ. ಜಿಲ್ಲೆಯ ಅಂಕಿ ನೋಡಿದವರಿಗೆ ಮಲೆನಾಡಿನ ಜನ ಬೇಸಾಯ ಬಿಡುತ್ತಿದ್ದಾರೆ ಅಂತ ಕಾಣುತ್ತದೆ. ಬಿಟ್ಟಿಲ್ಲ, ಬೆಳೆ ಬದಲಾಯಿಸಿದ್ದಾರೆ. ಊರು ಬಿಟ್ಟು ಬೆಂಗಳೂರು ಸೇರಿ ಕೆಲಸ ಹಿಡಿದವರೂ, ಇಲ್ಲೇ ತೋಟ ಮಾಡುತ್ತಿರುವವರೂ ಒಂದೇ ಗುಂಪಿನಲ್ಲಿ ಬಂದರೆ ಯಾವುದು ವಲಸೆ, ಯಾವುದು ಅಡಿಕೆ ಅಂತ ಹೇಗೆ ಬಿಡಿಸುವುದು? 2027ರ ಕೈಪಿಡಿ ಕೈಗೆ ಬಂದ ದಿನ ನಾನು ಮೊದಲು ಹುಡುಕುವುದು ಅಡಿಕೆಯನ್ನು ಹೊರಗಿಡುವ ಆ ನಿಯಮ ಇನ್ನೂ ಇದೆಯೋ ಅನ್ನುವುದನ್ನೇ. ಅಡಿಕೆ ಬೆಳೆಗಾರರ ಸಂಘದವರೂ ಅದನ್ನೇ ಕೇಳಬೇಕು.

ಗದ್ದೆ, ತೋಟ ಎರಡೂ ಇರುವವರು ಏನು ಹೇಳಬೇಕು? ಹಿಂದಿನ ಒಂದು ವರ್ಷದಲ್ಲಿ ಯಾವುದಕ್ಕೆ ಜಾಸ್ತಿ ಸಮಯ ಹೋಯಿತೋ ಅದು. ಯಾವುದರಿಂದ ಜಾಸ್ತಿ ದುಡ್ಡು ಬಂತು ಅಂತಲ್ಲ. ಪಹಣಿಯಲ್ಲಿ ಯಾರ ಹೆಸರಿದೆ ಅಂತಲೂ ಅಲ್ಲ. ಗೇಣಿಗೋ ಪಾಲಿಗೋ ಹಿಡಿದು ಗದ್ದೆ ಮಾಡುವವನೂ ಬೇಸಾಯಗಾರನೇ. ಮುಂದೆ ನಿಂತು ಕೆಲಸ ಮಾಡಿಸುವವನೂ ಹೌದು. ಜಮೀನು ಬೇರೆಯವರಿಗೆ ಕೊಟ್ಟು ಬಾಡಿಗೆ ಮಾತ್ರ ಎಣಿಸುವವನು ಅಲ್ಲ. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ ಈ ನೆಲದಲ್ಲಿ ಗಣತಿ ಉಳುವವನನ್ನೇ ಎಣಿಸುತ್ತದೆ ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ಇನ್ನು ಹೆಂಗಸರ ವಿಷಯ. ನನ್ನನ್ನು ಯಾರೂ ಕೇಳದ ವಿಷಯ ಇದು, ಆದರೆ ನಾನು ಹೇಳದೆ ಬಿಡುವುದಿಲ್ಲ.

ಗಣತಿಯವರು ಬಂದಾಗ ಜಗಲಿಯಲ್ಲಿ ಕೂತು ಉತ್ತರ ಕೊಡುವುದು ಹೆಚ್ಚಾಗಿ ಗಂಡಸರು. "ಮನೆಯವರು ಏನು ಮಾಡ್ತಾರೆ?" ಅಂದರೆ "ಅವಳು ಮನೇಲೇ ಇರ್ತಾಳೆ" ಅನ್ನುತ್ತಾರೆ. ಅಷ್ಟನ್ನೇ ಬರೆದುಕೊಂಡರೆ ಅವರು ಕೆಲಸ ಮಾಡದವರು. ಆ ಹೊತ್ತಿಗೆ ಅವರು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿರುತ್ತಾರೆ, ಇಲ್ಲ ಅಂಗಳದಲ್ಲಿ ಅಡಿಕೆ ಹರವುತ್ತಿರುತ್ತಾರೆ. ನಿಯಮ ಹೇಳುವುದೇ ಬೇರೆ. ಸಂಬಳ ಇಲ್ಲದಿದ್ದರೂ ಮನೆಯ ಜಮೀನಿನಲ್ಲಿ ಮಾಡಿದ ಕೆಲಸ ಕೆಲಸವೇ. ಮಾರದೆ ಮನೆ ಬಳಕೆಗೆ ಮಾತ್ರ ಹಾಲು ಕರೆದರೂ ಅದು ಕೆಲಸವೇ. 2011ರಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದರು. ಅದಕ್ಕೇ ನಾನು ಒಳಗೆ ಇಣುಕಿ "ಅಮ್ಮಾ, ಒಂದ್ನಿಮಿಷ ಬನ್ನಿ" ಅಂತ ಅವರನ್ನೇ ಕರೆದು ಕೇಳುತ್ತಿದ್ದೆ.

ತಿಂಗಳ ಲೆಕ್ಕವೂ ಇದೆ. ವರ್ಷದಲ್ಲಿ ಆರು ತಿಂಗಳು ಅಥವಾ ಜಾಸ್ತಿ ದುಡಿದವರು ಮುಖ್ಯ ಕೆಲಸಗಾರರು. ಅದಕ್ಕಿಂತ ಕಡಿಮೆಯಾದರೆ ಅಲ್ಪಾವಧಿಯವರು. ಅವರಲ್ಲೂ ಮೂರು ತಿಂಗಳಿಗಿಂತ ಕಡಿಮೆಯವರು ಬೇರೆ. ಮನೆ ಮನೆಗೆ ಬಂದು ಹೀಗೆ ಕೇಳುವುದು ಫೆಬ್ರವರಿಯಲ್ಲಿ. ಆಗ ಅಡಿಕೆ ಕೊನೆ (ಗೊನೆ) ಕೊಯ್ಲು, ಸುಲಿತ ಎಲ್ಲ ಕಣ್ಣೆದುರೇ ಇರುತ್ತದೆ. ಮಳೆಗಾಲದ ನಾಟಿ ಮರೆತುಹೋಗಿರುತ್ತದೆ. ಸುಲಿಯುವುದೊಂದನ್ನೇ ಹೇಳಿದರೆ ಆ ಹೆಂಗಸು ಅಲ್ಪಾವಧಿಯ ಲೆಕ್ಕಕ್ಕೆ ಹೋಗುತ್ತಾಳೆ. ಆದರೆ ಇಡೀ ವರ್ಷದ ಎಲ್ಲ ಕೆಲಸ ಕೂಡಿಸಬೇಕು. ನಾಟಿ, ಕಳೆ, ಕೊಯ್ಲು, ಸೊಪ್ಪು, ಸುಲಿತ, ದಿನಾ ಎರಡು ಹೊತ್ತಿನ ಹಸುವಿನ ಕೆಲಸ, ಎಲ್ಲ. ಹಾಗೆ ಕೂಡಿಸಿದರೆ ನಮ್ಮ ಕಡೆ ಆರು ತಿಂಗಳು ದಾಟದ ಹೆಂಗಸರು ಎಷ್ಟು ಜನ ಸಿಕ್ಕಾರು?

ಅಡುಗೆ, ನೀರು, ಮಕ್ಕಳು, ವಯಸ್ಸಾದವರ ಆರೈಕೆ ಮಾತ್ರ ಈ ಲೆಕ್ಕದಲ್ಲಿ ಇಲ್ಲ. ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ದೇಶದಲ್ಲಿ 2019ರಲ್ಲಿ ನಡೆದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ ಅಂತ ಕಂಡುಬಂತು. ಹೆಚ್ಚು ಕಡಿಮೆ ಐದು ಗಂಟೆ ದುಡಿದವರನ್ನು ಗಣತಿ ಕೆಲಸ ಮಾಡದವರು ಅನ್ನುತ್ತದೆ.

ಮತ್ತೆ ಅಡಿಕೆಗೆ ಬರುತ್ತೇನೆ. 'ಇತರೆ' ಗುಂಪಿಗೆ ಹೋಗುವುದರಲ್ಲಿ ಒಂದು ಅನುಕೂಲವೂ ಇದೆ. ಭತ್ತದ ಬೇಸಾಯಗಾರನಿಗೆ ಒಂದು ಸಂಖ್ಯೆ ಹಾಕಿ ಮುಂದೆ ಹೋಗುತ್ತಿದ್ದೆವು. ಇತರೆಯವರಿಗೆ ಇನ್ನೂ ಮೂರು ಪ್ರಶ್ನೆ ಇರುತ್ತಿದ್ದವು. ನೀವು ಮಾಡುವ ಕೆಲಸ ಏನು, ಅದು ಯಾವ ಉದ್ದಿಮೆ ಅಥವಾ ವ್ಯಾಪಾರದ್ದು, ನೀವು ಆಳು ಇಟ್ಟುಕೊಂಡವರೋ, ಸಂಬಳಕ್ಕೆ ಇರುವವರೋ, ಒಬ್ಬರೇ ದುಡಿಯುವವರೋ, ಮನೆಯವರ ಜೊತೆ ಸಂಬಳವಿಲ್ಲದೆ ದುಡಿಯುವವರೋ. ಈ ಉತ್ತರಗಳನ್ನು ಆಮೇಲೆ ಕಚೇರಿಯಲ್ಲಿ ವೃತ್ತಿಗಳ ದೊಡ್ಡ ಪಟ್ಟಿಗೆ ಹೊಂದಿಸಿ ಸಂಖ್ಯೆ ಕೊಡುತ್ತಾರೆ. ನಮ್ಮ ದೇಶದ 2015ರ ವೃತ್ತಿ ಪಟ್ಟಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಪಟ್ಟಿಯನ್ನು ಅನುಸರಿಸಿದ್ದು. ಆ ಪಟ್ಟಿಯಲ್ಲಿ ಹೊಲದ ಬೆಳೆಯವರು 6111, ಮರದ ಬೆಳೆಯವರು 6112. ಅಕ್ಕಪಕ್ಕದ ಸಂಖ್ಯೆ, ಇಬ್ಬರೂ ಕೃಷಿಯವರೇ! ಆದರೆ ಅಲ್ಲಿಗೆ ತಲುಪಬೇಕಾದರೆ ಬಾಯಿಬಿಟ್ಟು ಪೂರ್ತಿ ಹೇಳಿರಬೇಕು. "ತೋಟ ಇದೆ" ಅಂದರೆ ಸಾಲದು. "ಸ್ವಂತ ಅಡಿಕೆ ತೋಟದಲ್ಲಿ ಬೆಳೆಯ ಕೆಲಸ ಮಾಡುತ್ತೇನೆ" ಅನ್ನಿ. ಚೇಣಿ ಹಿಡಿಯುವವರು, ಅಂದರೆ ಬೇರೆಯವರ ತೋಟದ ಫಸಲನ್ನು ಮರದಲ್ಲಿರುವಾಗಲೇ ಕೊಳ್ಳುವವರು, ಚೇಣಿ ವ್ಯಾಪಾರ ಅಂತಲೇ ಹೇಳಿ. ಮರ ಹತ್ತುವವರು "ಕೂಲಿ" ಅಂತ ಒಂದೇ ಮಾತಿನಲ್ಲಿ ಮುಗಿಸಬೇಡಿ. ಕೊನೆ ತೆಗೆಯುವುದು, ಮದ್ದು ಹೊಡೆಯುವುದು ಕಲಿತು ಮಾಡುವ ಕೆಲಸ, ಅದು ಹಾಗೇ ದಾಖಲಾಗಬೇಕು.

ಉಳಿದ ಕಸುಬಿನವರಿಗೂ ಇದೇ ಮಾತು. ಗಂಧದ ಕೆತ್ತನೆ ಮಾಡುವ ಗುಡಿಗಾರರು ಸಾಗರ ಪೇಟೆಯ ಸ್ವಂತ ಮನೆಯಲ್ಲೇ ಕೂತು ಕೆತ್ತಿದರೆ ಮನೆ ಕೈಗಾರಿಕೆ, ಅದೇ ಪೇಟೆಯಲ್ಲಿ ಬೇರೆ ಕಡೆ ಹೋಗಿ ಕೆತ್ತಿದರೆ ಇತರೆ. ಹಳ್ಳಿಯಲ್ಲಾದರೆ ಮನೆಯಿಂದ ದೂರ ಇದ್ದರೂ ಊರೊಳಗೇ ಇದ್ದು, ಹೆಚ್ಚಿನವರು ಮನೆಯವರೇ ಆಗಿದ್ದರೆ ಮನೆ ಕೈಗಾರಿಕೆಯೇ. ಯಕ್ಷಗಾನ ಮೇಳದಲ್ಲಿ ವೇಷ ಮಾಡುವವರು ತಿರುಗಾಟದ ತಿಂಗಳನ್ನೂ ಮಳೆಗಾಲದ ಕೆಲಸವನ್ನೂ ಎರಡೂ ಹೇಳಿ.

ಈ ಸಲದ ಗಣತಿ ಮೊಬೈಲಿನಲ್ಲಿ. ಮನೆಯವರೇ ತುಂಬುವುದಕ್ಕೂ ಅವಕಾಶ ಕೊಟ್ಟಿದ್ದಾರೆ. ಹಾಗೆ ತುಂಬುವಾಗ ಮನೆಯ ಹುಡುಗನೊಬ್ಬನ ಕೈಗೆ ಫೋನು ಕೊಟ್ಟು ಸುಮ್ನೆ ಕೂರಬೇಡಿ. ಅಮ್ಮ, ಅಜ್ಜಿ, ಸೊಸೆ ಎಲ್ಲರೂ ಹತ್ತಿರ ಕೂತು, ಅವರವರ ಕೆಲಸವನ್ನು ಅವರವರೇ ಹೇಳಿ ಬರೆಸಲಿ.