ಹಲ್ಲಿಗೆ ಕ್ಲಿಪ್ ಹಾಕಿದ ಮೇಲಿನ ಕೆಲಸ ನನಗೆ ಕಲಿಸಿದ್ದು

ದಾವಣಗೆರೆಯ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ನಾನು ಡಾಕ್ಟರಿಗೆ ಅಸಿಸ್ಟೆಂಟ್. ಕ್ಲಿಪ್ ಹಾಕುವುದು ಅವರ ಕೆಲಸ. ಹಲ್ಲಿಗೆ ಅಂಟಿಸುವ ಪುಟ್ಟ ಬ್ರಾಕೆಟ್, ಅದರಲ್ಲಿ ಕೂರಿಸುವ ತಂತಿ ಎತ್ತಿಕೊಡುವುದು, ಆಮೇಲೆ ಪೇಷಂಟನ್ನು ಕೂರಿಸಿಕೊಂಡು ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು ಅಂತ ಹೇಳುವುದು ನನ್ನ ಕೆಲಸ. ಈ ಎರಡನೆಯದು ಸಣ್ಣದಲ್ಲ. ಚಿಕಿತ್ಸೆ ಸಾಮಾನ್ಯವಾಗಿ ಒಂದೂವರೆ, ಎರಡು ವರ್ಷ ನಡೆಯುತ್ತದೆ. ಅದರಲ್ಲಿ ಪೇಷಂಟ್ ನಮ್ಮ ಕುರ್ಚಿಯಲ್ಲಿ ಕೂರುವುದು ನಾಲ್ಕರಿಂದ ಆರು ವಾರಕ್ಕೊಮ್ಮೆ, ಅದೂ ಸ್ವಲ್ಪ ಹೊತ್ತು. ಉಳಿದದ್ದೆಲ್ಲ ಮನೆಯಲ್ಲೇ ನಡೆಯುತ್ತದೆ.

ನಾನು ಮೊದಲು ಗಮನಿಸಿದ್ದು ಇದು: ಬ್ರಾಕೆಟ್ ಕಿತ್ತುಬಂದರೆ ಮಕ್ಕಳು ಹೇಳುವುದಿಲ್ಲ. ಬೈಯುತ್ತಾರೆ ಅನ್ನುವ ಭಯ. ಮತ್ತೆ ದುಡ್ಡು ಕೇಳುತ್ತಾರೇನೋ ಅನ್ನುವ ಭಯವೂ ಇರುತ್ತದೆ. ಬ್ರಾಕೆಟ್ ತಂತಿಯ ಮೇಲೆ ಜಾರಾಡುತ್ತಿದ್ದರೂ ತುಟಿ ಬಿಗಿದುಕೊಂಡು ಮುಂದಿನ ತಾರೀಖಿನವರೆಗೆ ತಳ್ಳುತ್ತಾರೆ. ಅಷ್ಟರಲ್ಲಿ ಒಂದು ತಿಂಗಳು ಹೋಗಿರುತ್ತದೆ. ಶುರುವಿನಲ್ಲಿ ಹಾಕುವ ತಂತಿ ಸಾಮಾನ್ಯವಾಗಿ ನಿಕಲ್ ಮತ್ತು ಟೈಟಾನಿಯಂ ಬೆರೆತದ್ದು. ಬಗ್ಗಿಸಿ ಕಟ್ಟಿದರೆ ತನ್ನ ಹಳೇ ಆಕಾರಕ್ಕೆ ಬರಲು ನೋಡುತ್ತದೆ, ಆ ಒತ್ತಡದಿಂದ ಹಲ್ಲು ಸರಿಯುತ್ತದೆ. ಒತ್ತುವ ಕಡೆ ಮೂಳೆ ಕರಗಿ, ಹಿಂದಿನ ಕಡೆ ಹೊಸ ಮೂಳೆ ಬೆಳೆಯಬೇಕು. ತಿಂಗಳಿಗೆ ಸುಮಾರು 1 ಮಿಲಿಮೀಟರ್ ಸರಿದರೆ ಅದೇ ಒಳ್ಳೆಯ ವೇಗ. ಬ್ರಾಕೆಟ್ ಬಿಟ್ಟಿತೆಂದರೆ ಆ ಹಲ್ಲಿನ ಕೆಲಸ ನಿಂತಿತು. ಕೆಲವು ಸಲ ಹಲ್ಲು ಹಿಂದಕ್ಕೂ ಹೋಗುತ್ತದೆ.

ನಮ್ಮ ಡಾಕ್ಟರು ಕುರ್ಚಿಯಲ್ಲಿ ಕೂತ ಮಗುವಿಗೆ "ಏನು ತಿಂದೆ?" ಅಂತ ಕೇಳುವುದೇ ಇಲ್ಲ. "ಈ ಸಲ ಎಲ್ಲಿ ತೊಂದರೆ ಆಯ್ತು ಪುಟ್ಟಾ?" ಅಂತ ಕೇಳುತ್ತಾರೆ. ಪಕ್ಕದಲ್ಲಿ ಅಮ್ಮ "ಎಷ್ಟು ಹೇಳಿದ್ರೂ ಕೇಳಲ್ಲ ನೋಡಿ ಮೇಡಂ" ಅಂತ ಶುರುಮಾಡಿದರೆ ನಾನು ಅವರನ್ನು ಮೆಲ್ಲಗೆ ಹೊರಗಿನ ಬೆಂಚಿಗೆ ಕರೆದುಕೊಂಡು ಹೋಗುತ್ತೇನೆ. ಆಗ ಮಗು ಎಲ್ಲ ಹೇಳುತ್ತದೆ. ನಾನು ಈ ಕೆಲಸದಲ್ಲಿ ಕಲಿತದ್ದರಲ್ಲಿ ದೊಡ್ಡದು ಇದೇ. ಉಳಿದ ಸಲಹೆಗಳೆಲ್ಲ ಹುಟ್ಟಿದ್ದು ಆ ಮಾತುಗಳಿಂದ.

ಜನವರಿ ಬಂತೆಂದರೆ ನಮಗೆ ಕೆಲಸ ಜಾಸ್ತಿ. ಸಂಕ್ರಾಂತಿಯ ಕಬ್ಬು, ಎಳ್ಳು ಬೆಲ್ಲದಲ್ಲಿನ ಕೊಬ್ಬರಿ ಚೂರು, ಗಟ್ಟಿ ಬೆಲ್ಲದಚ್ಚು. ಹಬ್ಬದ ದಿನ ಮಗುವಿಗೆ ಸುಮ್ನೆ "ತಿನ್ನಬೇಡ" ಅಂದರೆ ಯಾರು ಕೇಳುತ್ತಾರೆ? ಅದಕ್ಕೇ ನಾನು ಹೇಗೆ ತಿನ್ನಬಹುದು ಅಂತ ಹೇಳುತ್ತೇನೆ. ಕಬ್ಬು ಜಗಿಯುವುದು ಬೇಡ, ಕಬ್ಬಿನ ಹಾಲು ಕುಡಿಯಿರಿ, ಆಮೇಲೆ ಬಾಯಿ ಮುಕ್ಕಳಿಸಿ. ಎಳ್ಳು ಬೆಲ್ಲವನ್ನು ಪುಡಿ ಮಾಡಿಕೊಡಿ. ಸೀಬೆಹಣ್ಣು, ಸೇಬು ಕಚ್ಚಬೇಡಿ, ತೆಳ್ಳಗೆ ಹೆಚ್ಚಿ. ಜೋಳದ ತೆನೆಯ ಕಾಳು ಬಿಡಿಸಿ. ಕಟಕ್ ರೊಟ್ಟಿಯನ್ನು ಸಾರಿನಲ್ಲಿ ಮೆತ್ತಗಾಗುವವರೆಗೆ ನೆನೆಸಿ. ಚಕ್ಕುಲಿ, ನಿಪ್ಪಟ್ಟು, ಕಡಲೆ ಚಿಕ್ಕಿಗೆ ಮಾತ್ರ ನನ್ನ ಬಳಿ ಉಪಾಯವಿಲ್ಲ. ಅವನ್ನು ಬಿಡಲೇಬೇಕು.

ಟೈಟ್ ಮಾಡಿಸಿದ ಮೇಲೆ ಎರಡು ಮೂರು ದಿನ ಹಲ್ಲು ನೋಯುತ್ತದೆ. ಏನನ್ನೂ ಜಗಿಯಲಾಗುವುದಿಲ್ಲ. ಆಗ ರಾಗಿ ಮುದ್ದೆಯಷ್ಟು ಒಳ್ಳೆಯ ಊಟ ನನಗೆ ಬೇರೆ ಕಂಡಿಲ್ಲ. ಸಾರಿನಲ್ಲಿ ಅದ್ದಿ ನುಂಗಿದರಾಯಿತು. ಮೊಸರನ್ನ, ಗಂಜಿ, ಇಡ್ಲಿಯೂ ನಡೆಯುತ್ತದೆ. ನೋವಿನ ಮಾತ್ರೆ ಬೇಕಾದರೆ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ. ಕೆನ್ನೆಯ ಒಳಗೆ ಹುಣ್ಣಾದರೆ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಮುಕ್ಕಳಿಸಬೇಕು. ಉಜ್ಜುವ ಬ್ರಾಕೆಟ್ಟಿನ ಮೇಲೆ ಮೇಣ ಒತ್ತಬೇಕು. ನಾವು ಕೊಡುವ ಮೇಣ ನಿಲ್ಲುವುದಿಲ್ಲ ಅಂತ ತುಂಬಾ ಜನ ದೂರುತ್ತಾರೆ. ಮೊದಲು ಬ್ರಾಕೆಟ್ಟನ್ನು ಹತ್ತಿಯಿಂದ ಒರೆಸಿ ಒಣಗಿಸಿ ನೋಡಿ, ಆಗ ನಿಲ್ಲುತ್ತದೆ.

ಇನ್ನು ಬ್ರಷ್. ಇದರ ಬಗ್ಗೆ ಮಾತ್ರ ನಾನು ಸ್ವಲ್ಪ ಹಟಮಾರಿ. ಬ್ರಾಕೆಟ್ ಸುತ್ತ ಕೂತ ಕೊಳೆಯಲ್ಲಿನ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಮಾಡುತ್ತವೆ. ಆ ಆಮ್ಲ ಹಲ್ಲಿನ ಮೇಲ್ಪದರದಿಂದ ಖನಿಜವನ್ನು ಎಳೆದುಹಾಕುತ್ತದೆ. ಸುಣ್ಣದಂಥ ಬಿಳಿ ಕಲೆ ಬೀಳಲು ಒಂದು ತಿಂಗಳು ಸಾಕು. ಕ್ಲಿಪ್ ತೆಗೆದ ದಿನ ಹಲ್ಲೆಲ್ಲ ನೆಟ್ಟಗೆ ಸಾಲಾಗಿ ನಿಂತಿರುತ್ತವೆ, ಆದರೆ ಬ್ರಾಕೆಟ್ ಇದ್ದ ಜಾಗದ ಸುತ್ತ ಬಿಳಿ ಗೆರೆ. ಕನ್ನಡಿ ಕೈಗೆ ಕೊಡುವಾಗ ಹೊಟ್ಟೆ ಉರಿಯುತ್ತದೆ. ಅಷ್ಟು ದುಡ್ಡು, ಅಷ್ಟು ನೋವು, ಕೊನೆಗೆ ಹೀಗಾಗಬೇಕಾ?

ಅದಕ್ಕೇ ಕನ್ನಡಿ ಮುಂದೆ ನಿಂತು, ತಂತಿಯ ಮೇಲ್ಭಾಗಕ್ಕೆ ಬ್ರಷ್ಷನ್ನು ಓರೆಯಾಗಿ ಹಿಡಿದು ಉಜ್ಜಿ. ಆಮೇಲೆ ಕೆಳಭಾಗಕ್ಕೆ. ತಂತಿಯ ಅಡಿಗೆ ಸಂದಿಗೆ ಹೋಗುವ ಸಣ್ಣ ಬ್ರಷ್ ತೂರಿಸಿ. ಫ್ಲೋರೈಡ್ ಇರುವ ಪೇಸ್ಟ್ ಇರಲಿ. ರಾತ್ರಿ ಮಲಗುವ ಮುಂಚಿನ ಸರದಿಯನ್ನಂತೂ ತಪ್ಪಿಸಬೇಡಿ. ವಸಡಿನಿಂದ ರಕ್ತ ಬಂತು ಅಂತ ಕೆಲವರು ಆ ಜಾಗವನ್ನೇ ಬಿಟ್ಟುಬಿಡುತ್ತಾರೆ. ಸಾಮಾನ್ಯವಾಗಿ ಕೊಳೆ ಇರುವುದರಿಂದಲೇ ರಕ್ತ ಬರುವುದು. ಅಲ್ಲೇ ಮೃದುವಾಗಿ ಉಜ್ಜಿದರೆ ಕೆಲವು ದಿನದಲ್ಲಿ ಕಡಿಮೆಯಾಗುತ್ತದೆ. ಆಗದಿದ್ದರೆ ಬನ್ನಿ, ನೋಡೋಣ.

ಕಾಲೇಜಿಗೆ ಹೋಗುವವರು ಬಣ್ಣ ಕಾಣದಿರಲಿ ಅಂತ ತಂತಿಯನ್ನು ಬ್ರಾಕೆಟ್ಟಿಗೆ ಹಿಡಿದಿಡುವ ಪುಟ್ಟ ರಬ್ಬರ್ ಪಾರದರ್ಶಕವಾಗಿರಲಿ ಅಂತ ಕೇಳುತ್ತಾರೆ. ನಮ್ಮ ಸಾರಿನ ಅರಿಶಿನಕ್ಕೆ ಅದು ಬೇಗ ಹಳದಿಯಾಗುತ್ತದೆ. ನಾನು ಬೂದು ಅಥವಾ ಬೆಳ್ಳಿ ಬಣ್ಣ ತೋರಿಸುತ್ತೇನೆ.

ಬ್ರಾಕೆಟ್ ಬಿಟ್ಟರೆ ಎಳೆದು ತೆಗೆಯಬೇಡಿ, ತಂತಿಯಲ್ಲೇ ಇರಲಿ. ಅವತ್ತೇ ಫೋನ್ ಮಾಡಿ. ಹಿಂಬದಿಯ ಹಲ್ಲಿನ ಹತ್ತಿರ ತಂತಿ ಚುಚ್ಚಿದರೆ ತುದಿಗೆ ಮೇಣ ಒತ್ತಿ, ಬನ್ನಿ. ಕತ್ತರಿಸುವುದು ಕೆಲವೇ ನಿಮಿಷದ ಕೆಲಸ.

ಕ್ಲಿಪ್ ತೆಗೆದ ಮೇಲೆ ರಿಟೇನರ್ ಕೊಡುತ್ತೇವೆ, ಅಂದರೆ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ, ಹಾಕಿ ತೆಗೆಯುವ ಸಾಧನ. ಹಲ್ಲು ಹೊಸ ಜಾಗದಲ್ಲಿ ನೆಲೆಯಾಗಲು ತಿಂಗಳುಗಟ್ಟಲೆ ಬೇಕು. ಹಾಕದಿದ್ದರೆ ಹಳೇ ಜಾಗದ ಕಡೆಗೆ ಹೊರಡುತ್ತದೆ. ಊಟಕ್ಕೆ ಕೂತಾಗ ತೆಗೆದು ಎಲೆಯ ಪಕ್ಕ ಇಡಬೇಡಿ, ಮದುವೆಮನೆಯಲ್ಲಿ ಎಲೆ ಎತ್ತುವಾಗ ಅದೂ ಹೋಗುತ್ತದೆ. ಅದರ ಡಬ್ಬಿ ಜೊತೆಗಿರಲಿ. ಬಿಸಿನೀರಿನಲ್ಲಿ ತೊಳೆದರೆ ಸೊಟ್ಟಗಾಗುತ್ತದೆ, ತಣ್ಣೀರು ಸಾಕು. ಕಳೆದುಹೋದರೆ ಯಾರೂ ಬೈಯುವುದಿಲ್ಲ, ಬೇಗ ತಿಳಿಸಿ. ಹಲ್ಲು ಸರಿಯುವ ಮೊದಲೇ ಅಳತೆ ತೆಗೆದು ಹೊಸದು ಮಾಡಿಸಬಹುದು.